ಮೊದಲು ಎಣ್ಣೆ, ಆಮೇಲೆ ಕೆಸರು

ಗದ್ದೆ ನಾಟಿಗೆ ಇಳಿಯುವ ಹೆಂಗಸರನ್ನು ನೀವು ನೋಡಿದ್ದೀರಿ. ನಿಮ್ಮಲ್ಲಿ ಅನೇಕರು ನಾಟಿ ಮಾಡಿದವರೇ. ಗದ್ದೆಗೆ ಇಳಿಯುವ ಮೊದಲು ಏನು ಮಾಡುತ್ತೀರಿ? ಕಾಲ್ಬೆರಳ ಸಂದಿಗೆ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿಕೊಳ್ಳುತ್ತೀರಿ. ಯಾಕೆ? ಇಡೀ ದಿನ ಕೆಸರಲ್ಲಿ ನಿಂತರೆ ಬೆರಳ ಸಂದಿ ಬೆಳ್ಳಗಾಗಿ ನೆನೆಯುತ್ತದೆ. ಆಮೇಲೆ ಬಿರಿಯುತ್ತದೆ. ಕೆಸರು ಹುಣ್ಣು ಆಗುತ್ತದೆ. ರಾತ್ರಿಯೆಲ್ಲ ತುರಿಕೆ, ಉರಿ. ಮಾರನೇ ದಿನ ಕೆಲಸಕ್ಕೆ ಹೋಗಲು ಆಗುವುದಿಲ್ಲ. ಕೂಲಿ ಹೋಯ್ತು.

ಈ ಬುದ್ಧಿಯನ್ನು ನಾವು ನಮ್ಮ ಕಾಲಿಗೆ ಬಳಸುತ್ತೇವೆ. ನಮ್ಮನ್ನು ಸಾಕುವ ಕುದುರೆಯ ಕಾಲಿಗೆ ಬಳಸುತ್ತೇವೆಯೇ?

ನಮ್ಮನ್ನು ಸಾಕುವ ಕುದುರೆ ಅಂತ ಬೇಕೆಂದೇ ಬರೆದೆ. ನಾವು ಕುದುರೆಯನ್ನು ಸಾಕುತ್ತೇವೆ ಎಂದು ಹೇಳುವುದು ರೂಢಿ. ಆದರೆ ಜಟಕಾ ಓಡಿಸುವವರ ಮನೆಯಲ್ಲಿ ಕೇಳಿ ನೋಡಿ. ಒಲೆ ಉರಿಯುವುದು ಕುದುರೆಯ ಕಾಲಿನಿಂದ. ಮೈಸೂರಿನ ಅರಮನೆ ಸುತ್ತ, ವಿಜಯಪುರದ ಗೋಳಗುಮ್ಮಟದ ಮುಂದೆ ಇಂದಿಗೂ ಜಟಕಾ ನಿಲ್ಲುತ್ತವೆ. ಆಟೋ ಬಂದ ಮೇಲೆ ಜಟಕಾ ಕಡಿಮೆಯಾದವು, ನಿಜ. ಆದರೆ ಉಳಿದ ಮನೆಗಳಿಗೆ ಅದೇ ಅನ್ನ. ಕುರಿ ಹಿಂಡಿನ ಜೊತೆ ಊರಿಂದ ಊರಿಗೆ ತಿರುಗುವ ಕುರುಬರ ಹತ್ತಿರವೂ ಕುದುರೆ ಇರುತ್ತದೆ. ಗುಡಾರ, ಪಾತ್ರೆ, ಎಳೆ ಮರಿ ಎಲ್ಲವನ್ನೂ ಅದು ಹೊರುತ್ತದೆ. ರೇಸಿನ ಕುದುರೆಯ ಮಾತು ಬೇರೆ. ಅದಕ್ಕೆ ಮಾಲೀಸು ಮಾಡಲು ಆಳಿದ್ದಾನೆ, ನೋಡಲು ಡಾಕ್ಟರಿದ್ದಾರೆ, ನಿಲ್ಲಲು ಒಣ ಲಾಯ ಇದೆ. ಈ ಪಾಠ ಅದಕ್ಕಲ್ಲ. ದುಡಿಯುವ ಕುದುರೆಗೆ.

ದುಡಿಯುವ ಕುದುರೆಗೆ ಕಾಲು ನೋವಾದರೆ ದುಡಿಮೆ ನಿಲ್ಲುತ್ತದೆ. ಆದರೆ ಹುಲ್ಲು, ಬೂಸಾ, ಹುರುಳಿ ನಿಲ್ಲುವುದಿಲ್ಲ. ನಿಂತ ಕುದುರೆಗೂ ಹೊಟ್ಟೆ ಇದೆ. ಹದಿನೈದು ದಿನ ಗಾಡಿ ಕಟ್ಟದಿದ್ದರೆ ಮನೆಯ ಲೆಕ್ಕ ಏನಾಗುತ್ತದೆ, ನೀವೇ ಕೂಡಿ ಕಳೆದು ನೋಡಿ.

ಕುದುರೆಯ ಕಾಲು ಎಂಥದು?

ನಿಮ್ಮ ಕೈ ಮುಂದೆ ಚಾಚಿ. ಮಣಿಕಟ್ಟು ನೋಡಿ. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುತ್ತೇವಲ್ಲ, ಅದು ನಿಜವಾಗಿ ಅದರ ಮಣಿಕಟ್ಟು. ಅದರ ಕೆಳಗೆ ಅಂಗೈಯ ಒಂದು ಉದ್ದ ಮೂಳೆ. ಅದರ ಕೆಳಗೆ ಒಂದೇ ಒಂದು ಬೆರಳು. ನಮ್ಮ ನಡುಬೆರಳು ಇದ್ದ ಹಾಗೆ. ಆ ಬೆರಳಿನ ಉಗುರೇ ಗೊರಸು. ಅಂದರೆ ಕುದುರೆ ನಾಲ್ಕು ಬೆರಳಿನ ತುದಿಯ ಮೇಲೆ ನಿಂತಿದೆ! ಮೂರು ನಾಲ್ಕು ಜನ ಕೂತ ಗಾಡಿಯನ್ನು ಆ ನಾಲ್ಕು ಉಗುರಿನ ಬಲದ ಮೇಲೆ ಎಳೆಯುತ್ತದೆ.

ಆ ಮೊಣಕಾಲಿನ ಕೆಳಗೆ ಮಾಂಸ ಇಲ್ಲ. ಚರ್ಮ, ನರದಂಥ ಗಟ್ಟಿ ಹುರಿ, ಮೂಳೆ ಅಷ್ಟೇ. ಆದ್ದರಿಂದ ಅಲ್ಲಿ ಪೆಟ್ಟು ತಗುಲಿದರೆ ತಡೆಯಲು ಮೆತ್ತೆ ಇಲ್ಲ. ಹುಣ್ಣಾದರೆ ಬೇಗ ಮಾಯುವುದಿಲ್ಲ.

ಗೊರಸಿನ ಮೇಲೆ, ಹಿಂಭಾಗದಲ್ಲಿ ಒಂದು ಕುಳಿ ಇದೆ. ಹಿಮ್ಮಡಿಯ ಕುಳಿ ಅನ್ನೋಣ. ಅಲ್ಲಿ ಚರ್ಮ ತೆಳು. ಕುದುರೆ ಹೆಜ್ಜೆ ಹಾಕಿದಾಗಲೆಲ್ಲ ಆ ಚರ್ಮ ಮಡಚುತ್ತದೆ, ಬಿಚ್ಚುತ್ತದೆ. ಕೆಸರು ಹೋಗಿ ಕೂರುವುದೂ ಅಲ್ಲೇ. ಕೂದಲು ಉದ್ದ ಇದ್ದರೆ ಇನ್ನೂ ಚೆನ್ನಾಗಿ ಕೂರುತ್ತದೆ.

ಮೈಸೂರಿನ ಕಡೆ ಕೆಂಪು ಮಣ್ಣು. ಅದರಲ್ಲಿ ಮರಳು ಇರುತ್ತದೆ. ಚರ್ಮವನ್ನು ಉಜ್ಜಿ ಗೀರುತ್ತದೆ. ವಿಜಯಪುರದ ಕಡೆ ಎರೆ ಮಣ್ಣು. ಅದರ ಗುಣ ನಿಮಗೆ ಗೊತ್ತು. ಹಸಿ ಇದ್ದಾಗ ಮೇಣದ ಹಾಗೆ ಅಂಟುತ್ತದೆ. ಒಣಗಿದಾಗ ಸಿಮೆಂಟಿನ ಹಾಗೆ ಬಿಗಿಯುತ್ತದೆ. ಒಣಗುವಾಗ ಕೂದಲನ್ನು ಹಿಡಿದು ಎಳೆಯುತ್ತದೆ. ಎರಡೂ ಮಣ್ಣು ಕೆಟ್ಟದ್ದೇ. ಕಾಟ ಕೊಡುವ ರೀತಿ ಮಾತ್ರ ಬೇರೆ.

ಕೆಸರಿನಿಂದ ಹುಣ್ಣು ಹೇಗೆ?

ಬರೀ ಕೆಸರು ಹುಣ್ಣು ಮಾಡುವುದಿಲ್ಲ. ಮೊದಲು ನೀರು ಚರ್ಮವನ್ನು ನೆನೆಸುತ್ತದೆ. ನೆನೆದ ಚರ್ಮ ಮೆತ್ತಗಾಗುತ್ತದೆ. ಆಮೇಲೆ ಮಣ್ಣಿನ ಕಣ ಅದನ್ನು ಗೀರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು. ಆ ಗೀರಿನೊಳಗೆ ರೋಗಾಣು ಹೊಗುತ್ತದೆ. ಹೀಗೆ ಮೂರು ಹೆಜ್ಜೆ. ನೆನೆಯುವುದು, ಗೀರುವುದು, ಹೊಗುವುದು.

ಆ ರೋಗಾಣುಗಳಲ್ಲಿ ಮುಖ್ಯವಾದ ಒಂದಕ್ಕೆ ಡಾಕ್ಟರುಗಳು ಡರ್ಮಟೋಫೈಲಸ್ ಅನ್ನುತ್ತಾರೆ. ಹೆಸರು ನೆನಪಿಡಬೇಕಾಗಿಲ್ಲ. ಅದರ ಗುಣ ನೆನಪಿಡಿ. ಅದು ಒಣ ಹಕ್ಕಳೆಯೊಳಗೆ ಬಹಳ ದಿನ ಸುಮ್ಮನೆ ಮಲಗಿರುತ್ತದೆ. ನೀರು ತಗುಲಿದ ಕೂಡಲೇ ಏಳುತ್ತದೆ. ಹೊಸ ಚರ್ಮಕ್ಕೆ ಹರಡುತ್ತದೆ. ಇದು ದನಕ್ಕೂ ಕುರಿಗೂ ಬರುತ್ತದೆ. ಅಪರೂಪಕ್ಕೆ ಮನುಷ್ಯರ ಕೈಗೂ ಬರುತ್ತದೆ. ಆದ್ದರಿಂದ ಹುಣ್ಣಿನ ಕಾಲು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲೇಬೇಕು.

ಬಿಳಿ ಕಾಲಿನ ಕುದುರೆಗೆ ಈ ಹುಣ್ಣು ಹೆಚ್ಚು. ಬಿಳಿ ಕೂದಲಿನ ಕೆಳಗೆ ಚರ್ಮ ನಸುಗೆಂಪಾಗಿ ಇರುತ್ತದೆ. ಅದು ಸೂಕ್ಷ್ಮ. ಸಂತೆಯಲ್ಲಿ ನಾಲ್ಕೂ ಕಾಲು ಬಿಳಿ ಇರುವ ಕುದುರೆ ನೋಡಲು ಚೆಂದ. ಮಳೆಗಾಲದಲ್ಲಿ ಅದಕ್ಕೆ ನಾಲ್ಕು ಕಾಲಿನ ಕೆಲಸವೂ ಹೆಚ್ಚು.

ಎಣ್ಣೆ ಏನು ಮಾಡುತ್ತದೆ?

ಒಂದು ಸಣ್ಣ ಪರೀಕ್ಷೆ ಮಾಡೋಣ. ಒಂದು ಹಳೇ ತಟ್ಟೆ ತನ್ನಿ. ಅದರ ಅರ್ಧಕ್ಕೆ ಎಣ್ಣೆ ಸವರಿ. ಇನ್ನರ್ಧ ಹಾಗೇ ಬಿಡಿ. ಮಣ್ಣು ಕಲಸಿದ ನೀರನ್ನು ಎರಡೂ ಕಡೆ ಚಿಮುಕಿಸಿ. ಎಣ್ಣೆ ಇರುವ ಕಡೆ ನೀರು ಮುತ್ತಿನ ಹಾಗೆ ಗುಂಡಗೆ ನಿಲ್ಲುತ್ತದೆ. ತಟ್ಟೆ ಓರೆ ಮಾಡಿದರೆ ಜಾರಿ ಹೋಗುತ್ತದೆ. ಎಣ್ಣೆ ಇಲ್ಲದ ಕಡೆ ಹರಡಿ ಅಂಟುತ್ತದೆ.

ಕುದುರೆಯ ಕೂದಲಿನ ಮೇಲೂ ಇದೇ ಆಗುತ್ತದೆ. ಎಣ್ಣೆ ಸವರಿದ ಕೂದಲಿಗೆ ನೀರು ಬೇಗ ಹಿಡಿಯುವುದಿಲ್ಲ. ನೀರು ಹಿಡಿಯದಿದ್ದರೆ ಕೆಸರೂ ಹಿಡಿಯುವುದಿಲ್ಲ. ಹಿಡಿದರೂ ಮೇಲೆ ಮೇಲೆ ಕೂರುತ್ತದೆ. ಒಣಗಿದ ಮೇಲೆ ಬ್ರಷ್ ಆಡಿಸಿದರೆ ಉದುರಿ ಬೀಳುತ್ತದೆ. ಚರ್ಮ ನೆನೆಯುವುದು ಕಡಿಮೆ. ಆ ಮೂರು ಹೆಜ್ಜೆಯಲ್ಲಿ ಮೊದಲನೇ ಹೆಜ್ಜೆಯನ್ನೇ ಎಣ್ಣೆ ತಡೆಯಿತು.

ಕುದುರೆಯ ಚರ್ಮದಲ್ಲೂ ತನ್ನದೇ ಜಿಡ್ಡು ಇದೆ. ಸೃಷ್ಟಿ ಕೊಟ್ಟ ಎಣ್ಣೆ. ಒಳ್ಳೆಯ ಕುದುರೆಯ ಮೈ ಮಿರಿ ಮಿರಿ ಹೊಳೆಯುವುದು ಅದರಿಂದ. ದಿನಾ ಸೋಪು ಹಾಕಿ ಕಾಲು ತೊಳೆದರೆ ಆ ಜಿಡ್ಡು ಹೋಗುತ್ತದೆ. ಆಮೇಲೆ ನೀರು ಇನ್ನೂ ಸುಲಭವಾಗಿ ಒಳಗೆ ಇಳಿಯುತ್ತದೆ. “ನಾನು ದಿನಾ ಎರಡು ಸಲ ಕಾಲು ತೊಳೀತೀನಿ, ಆದ್ರೂ ಹುಣ್ಣು ಬಂತು” ಅಂತ ಹೇಳುವವರಿದ್ದಾರೆ. ತೊಳೆದದ್ದು ತಪ್ಪಲ್ಲ. ಒಣಗಿಸದೆ ಬಿಟ್ಟರೆ ಮಾತ್ರ ಕೆಸರಿನ ಬದಲು ನೀರು ಆ ಕೆಲಸ ಮಾಡುತ್ತದೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಇದನ್ನು ಎರಡು ಸಲ ಓದಿ.

ಎಣ್ಣೆ ಒಂದು ಮುಚ್ಚಳ. ಮುಚ್ಚಳ ಹೊರಗಿನದನ್ನು ಒಳಗೆ ಬಿಡುವುದಿಲ್ಲ. ಒಳಗಿನದನ್ನು ಹೊರಗೂ ಬಿಡುವುದಿಲ್ಲ. ಕಾಲು ಒಣಗಿ, ಶುದ್ಧವಾಗಿ ಇದ್ದಾಗ ಮುಚ್ಚಿದರೆ ಒಣಗಿದ್ದು ಒಣಗಿಯೇ ಉಳಿಯುತ್ತದೆ. ಒದ್ದೆ ಕಾಲಿನ ಮೇಲೆ ಮುಚ್ಚಿದರೆ ನೀರು ಒಳಗೇ ಉಳಿಯುತ್ತದೆ. ಹುಣ್ಣಿನ ಮೇಲೆ ಮುಚ್ಚಿದರೆ ರೋಗಾಣು ಒಳಗೇ ಬೆಚ್ಚಗೆ ಕೂತು ಬೆಳೆಯುತ್ತದೆ. ಎಣ್ಣೆ ಅದೇ, ಕುದುರೆ ಅದೇ. ಹಚ್ಚಿದ ಹೊತ್ತು ಬದಲಾದರೆ ಔಷಧವೇ ರೋಗವಾಗುತ್ತದೆ.

ಆದ್ದರಿಂದ ಸಂಜೆ ಕೆಸರು ಮೆತ್ತಿಕೊಂಡು ಬಂದ ಕಾಲಿಗೆ ಎಣ್ಣೆ ಸುರಿಯುವುದು ಬೇಡ. ಬೆಳಿಗ್ಗೆ, ಗಾಡಿ ಕಟ್ಟುವ ಮೊದಲು, ಒಣ ಕಾಲಿಗೆ ಹಚ್ಚಬೇಕು. ನಾಟಿಗೆ ಹೋಗುವವರು ಗದ್ದೆಯಿಂದ ಬಂದ ಮೇಲೆ ಅಲ್ಲ, ಹೋಗುವ ಮೊದಲು ಹಚ್ಚಿಕೊಳ್ಳುತ್ತಾರಲ್ಲ, ಹಾಗೆ.

ಹಚ್ಚುವ ಕ್ರಮ

ಕೆಲಸ ಸಂಜೆಯೇ ಶುರುವಾಗುತ್ತದೆ. ಕುದುರೆ ಲಾಯಕ್ಕೆ ಬಂದಾಗ ಕಾಲಿನ ಕೆಸರು ಹಸಿ ಇರುತ್ತದೆ. ಹಸಿ ಕೆಸರನ್ನು ಬ್ರಷ್‌ನಿಂದ ಉಜ್ಜಬೇಡಿ. ಉಜ್ಜಿದರೆ ಮರಳು ಚರ್ಮದೊಳಗೆ ಕೊರೆಯುತ್ತದೆ. ಎರಡು ದಾರಿ ಇವೆ. ಲಾಯ ಒಣಗಿದ್ದರೆ, ಗಾಳಿ ಆಡುತ್ತಿದ್ದರೆ, ಕೆಸರು ತಾನೇ ಒಣಗಲು ಬಿಡಿ. ಆಮೇಲೆ ಮೆತ್ತನೆ ಬ್ರಷ್‌ನಿಂದ ಕೂದಲು ಮಲಗಿದ ಕಡೆಗೇ ಕೆಡವಿ. ಇಲ್ಲವಾದರೆ ಬರೀ ನೀರಿನಿಂದ ಮೆಲ್ಲಗೆ ತೊಳೆಯಿರಿ. ಪೈಪಿನಿಂದ ಜೋರಾಗಿ ಹೊಡೆಯಬೇಡಿ. ತೊಳೆದ ಮೇಲೆ ಹಳೇ ಪಂಚೆ, ಹಳೇ ಸೀರೆ ತುಂಡು ತಗೊಂಡು ಒತ್ತಿ ಒತ್ತಿ ಒರೆಸಿ. ಹಿಮ್ಮಡಿಯ ಕುಳಿಯನ್ನು ಮರೆಯಬೇಡಿ. ಬಹಳ ಜನ ಮುಂದಿನ ಭಾಗ ಒರೆಸಿ ಎದ್ದುಬಿಡುತ್ತಾರೆ. ರೋಗ ಶುರುವಾಗುವುದು ಹಿಂದೆ.

ಕಾಲು ಒರೆಸಿ ಕುದುರೆಯನ್ನು ಗಂಜಲದಲ್ಲಿ ನಿಲ್ಲಿಸಿದರೆ ಏನು ಬಂತು? ನೆಲ ಒಣಗಿರಬೇಕು. ಗಂಜಲ ಹರಿದು ಹೋಗಲು ಸ್ವಲ್ಪ ಇಳಿಜಾರು ಇರಬೇಕು. ಕೆಳಗೆ ಒಣ ಹುಲ್ಲು ಹಾಸಿ. ರಾತ್ರಿ ಎಂಟು ಹತ್ತು ಗಂಟೆ ಕಾಲು ಒಣಗಿದ್ದರೆ ಅರ್ಧ ರೋಗ ಬರುವುದೇ ಇಲ್ಲ. ನನ್ನನ್ನು ಕೇಳಿದರೆ ಎಣ್ಣೆಗಿಂತ ಒಣ ನೆಲವೇ ದೊಡ್ಡದು. ಎಣ್ಣೆ ಎರಡನೆಯದು.

ಬೆಳಿಗ್ಗೆ ಕಾಲು ಮುಟ್ಟಿ ನೋಡಿ. ಕಣ್ಣು ಸಾಲದು. ಕೂದಲಿನ ಕೆಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನೀವು ಮೊದಲು ಅಕ್ಷರ ಕಲಿಯುವಾಗ ಸಾಲಿನ ಮೇಲೆ ಬೆರಳಿಟ್ಟು ಓದಿದಿರಿ. ಹಾಗೆಯೇ ಇಲ್ಲೂ ಬೆರಳಿನಿಂದ ಓದಬೇಕು. ರಾಗಿ ಕಾಳಿನಷ್ಟು ಗಟ್ಟಿ ಹಕ್ಕಳೆ ಸಿಕ್ಕಿತೇ? ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಇದೆಯೇ? ಮುಟ್ಟಿದ ಕೂಡಲೇ ಕುದುರೆ ಕಾಲು ಎಳೆದುಕೊಂಡಿತೇ? ಹಾಗಿದ್ದರೆ ಆ ಕಾಲಿಗೆ ಎಣ್ಣೆ ಹಚ್ಚಬೇಡಿ.

ಏನೂ ಇಲ್ಲ, ಕಾಲು ಒಣಗಿದೆ, ನಯವಾಗಿದೆ ಅಂದರೆ ಎಣ್ಣೆ ತಗೊಳ್ಳಿ. ಒಂದು ಕಾಲಿಗೆ ಎರಡು ಮೂರು ಚಮಚ ಸಾಕು. ಅಂಗೈಗೆ ಹಾಕಿಕೊಂಡು ಎರಡೂ ಕೈಗೆ ಸವರಿಕೊಳ್ಳಿ. ಮೊಣಕಾಲಿನ ಕೆಳಗಿನಿಂದ ಗೊರಸಿನ ಅಂಚಿನವರೆಗೆ, ಕೂದಲಿನ ದಿಕ್ಕಿಗೇ ಎಳೆಯಿರಿ. ಕುಳಿಯ ಹತ್ತಿರ ಬೆರಳ ತುದಿಯಿಂದ ಸವರಿ. ಕೂದಲು ಹೊಳೆಯಬೇಕು. ಎಣ್ಣೆ ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಹೆಚ್ಚಾಯಿತು. ಹೆಚ್ಚಾದ ಎಣ್ಣೆಗೆ ಧೂಳು ಮೆತ್ತಿ ಇನ್ನೊಂದು ಕೆಸರಾಗುತ್ತದೆ. ಹೆಚ್ಚಿದ್ದನ್ನು ಬಟ್ಟೆಯಿಂದ ಒರೆಸಿಬಿಡಿ.

ಪಟ್ಟಿ, ಜೀನು, ಹಗ್ಗ ತಾಗುವ ಜಾಗಕ್ಕೆ ಎಣ್ಣೆ ಬೇಡ. ಅಲ್ಲಿ ಕೂದಲು ಜಿಗುಟಾಗಿ ಪಟ್ಟಿ ಉಜ್ಜುತ್ತದೆ, ಬೆನ್ನು ಹುಣ್ಣು ಏಳುತ್ತದೆ. ಗೊರಸಿನ ಅಡಿಗೂ ಬೇಡ. ಅಲ್ಲಿ ಸಿಕ್ಕಿದ ಕಲ್ಲು, ಸಗಣಿ ಕೆರೆದು ತೆಗೆದರೆ ಸಾಕು.

ಇನ್ನೊಂದು ಎಚ್ಚರ. ಕಾಲಿನ ಹತ್ತಿರ ಕೆಲಸ ಮಾಡುವಾಗ ಕುದುರೆಯ ನೇರ ಹಿಂದೆ ನಿಲ್ಲಬೇಡಿ. ನೆಲದ ಮೇಲೆ ಪಟ್ಟಾಗಿ ಕೂರಬೇಡಿ, ಮೊಣಕಾಲು ಊರಬೇಡಿ. ಬೇಗ ಏಳಲು ಆಗುವುದಿಲ್ಲ. ಪಕ್ಕದಲ್ಲಿ ನಿಂತು, ಬೆನ್ನಿನ ಮೇಲೆ ಒಂದು ಕೈ ಇಟ್ಟು, ಮಾತಾಡಿಸುತ್ತ ಕೈಯನ್ನು ಕೆಳಗೆ ಇಳಿಸಿ. “ಹೋ... ಮಗಾ, ನಿಲ್ಲು” ಅಂದರೆ ಅದಕ್ಕೆ ತಿಳಿಯುತ್ತದೆ. ದನಿ ಪರಿಚಯದ್ದಾಗಿರಬೇಕು ಅಷ್ಟೇ. ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ.

ಯಾವ ಎಣ್ಣೆ?

ಕೊಬ್ಬರಿ ಎಣ್ಣೆ ಆಗುತ್ತದೆ. ಮನೆಯಲ್ಲಿ ಇರುತ್ತದೆ. ಚಳಿಯಲ್ಲಿ ಗಟ್ಟಿಯಾಗುತ್ತದೆ, ಅಂಗೈಯಲ್ಲಿ ಉಜ್ಜಿ ಕರಗಿಸಿಕೊಳ್ಳಿ. ಹರಳೆಣ್ಣೆ ಮಂದ. ಬೇಗ ತೊಳೆದು ಹೋಗುವುದಿಲ್ಲ, ಅದು ಅದರ ಗುಣ. ಆದರೆ ಅಂಟಂಟು, ಧೂಳು ಹಿಡಿಯುತ್ತದೆ. ಎರಡನ್ನೂ ಬೆರೆಸಿದರೆ ಹದವಾಗಿ ಬರುತ್ತದೆ. ತಿನ್ನುವ ಎಣ್ಣೆ ಹಳತಾದರೆ ಮುಗ್ಗಲು ವಾಸನೆ ಬರುತ್ತದೆ. ಅಂಥದ್ದನ್ನು ಕುದುರೆಗಾಯಿತು ಅಂತ ಇಡಬೇಡಿ.

ಬೇವಿನ ಎಣ್ಣೆಯ ವಾಸನೆಗೆ ನೊಣ ದೂರ ಹೋಗುತ್ತದೆ. ಆದರೆ ಬರೀ ಬೇವಿನ ಎಣ್ಣೆ ಕೆಲವು ಕುದುರೆಗೆ ಉರಿ ತರುತ್ತದೆ. ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೆರೆಸಿದರೆ ಸಾಕು.

ಔಷಧದ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಫಿನ್ ಅಂತ ಸಿಗುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಎಣ್ಣೆ. ಅದು ಮುಗ್ಗುವುದಿಲ್ಲ. ಇಂಗ್ಲೆಂಡಿನಲ್ಲಿ ಶೈರ್ ಎಂಬ ದೊಡ್ಡ ಜಾತಿಯ ಕುದುರೆ ಇದೆ. ಹಿಂದೆ ಅಲ್ಲಿ ನೇಗಿಲು, ಭಾರದ ಗಾಡಿ ಎಳೆದದ್ದು ಅಂಥ ಕುದುರೆಗಳೇ. ಅದರ ಕಾಲಿನ ಕೆಳಗೆ ಪಾಯಿಜಾಮದ ಹಾಗೆ ಉದ್ದ ಕೂದಲು ಇಳಿಬಿದ್ದಿರುತ್ತದೆ. ಅಲ್ಲಿಯ ಮಳೆ, ಕೆಸರು ಎರಡೂ ಜೋರು. ಅವರು ಆ ಕೂದಲಿಗೆ ಹಚ್ಚುವ ಎಣ್ಣೆಗೆ ‘ಹಂದಿ ಎಣ್ಣೆ’ ಅಂತಲೇ ಹೆಸರು. ಹೆಸರು ಕೇಳಿ ಗಾಬರಿ ಬೇಡ. ಅದರಲ್ಲಿ ಹಂದಿಯ ಕೊಬ್ಬು ಇಲ್ಲ. ಅದು ಇದೇ ಪ್ಯಾರಫಿನ್ ಜಾತಿಯ ಎಣ್ಣೆ. ಪ್ರದರ್ಶನಕ್ಕೆ ತರುವ ಹಂದಿಗಳ ಮೈಗೆ ಹಚ್ಚುತ್ತಿದ್ದರು, ಹೆಸರು ಹಾಗೇ ಉಳಿಯಿತು. ಕೂದಲಿನಲ್ಲಿ ಸೇರುವ ಸಣ್ಣ ಹುಳು ದೂರವಿರಲಿ ಅಂತ ಅದಕ್ಕೆ ಗಂಧಕದ ಪುಡಿ ಬೆರೆಸುವುದೂ ಉಂಟು. ಗಂಧಕ ಕೆಲವು ಕುದುರೆಗೆ ಆಗಿಬರುವುದಿಲ್ಲ. ಅದಕ್ಕೇ ಅವರು ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಒಂದೆರಡು ದಿನ ಕಾಯುತ್ತಾರೆ. ಊತ, ಕೆಂಪು ಬಾರದಿದ್ದರೆ ಮಾತ್ರ ಪೂರ್ತಿ ಹಚ್ಚುತ್ತಾರೆ. ಈ ಪರೀಕ್ಷೆ ನಾವೂ ಮಾಡಬೇಕು. ಯಾವ ಹೊಸ ಎಣ್ಣೆಗೂ ಮಾಡಬೇಕು.

ಹಿಮ್ಮಡಿಯ ಕುಳಿಗೆ ಮಾತ್ರ ವ್ಯಾಸಲೀನ್ ಸವರಬಹುದು. ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ನಿಯಮ ಅದೇ. ಒಣ ಚರ್ಮಕ್ಕೆ ಮಾತ್ರ.

ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡುತ್ತದೆ. ಗಾಡಿ ರಿಪೇರಿ ಅಂಗಡಿಯ ಕರಿ ಆಯಿಲ್ ಹಚ್ಚಲೇಬೇಡಿ. ಪುಕ್ಕಟೆ ಸಿಗುತ್ತದೆ ಅಂತ ಹಚ್ಚುವವರಿದ್ದಾರೆ. ಅದರಲ್ಲಿ ಎಂಜಿನಿನ ಲೋಹದ ಪುಡಿ, ಸುಟ್ಟ ವಿಷ ಎಲ್ಲ ಇರುತ್ತದೆ. ಕುದುರೆ ಕಾಲು ಕಚ್ಚಿಕೊಂಡರೆ ಹೊಟ್ಟೆಗೂ ಹೋಗುತ್ತದೆ.

ಬಾಲದ ಮಾತು

ಕುದುರೆಗೆ ಬಾಲ ಬರೀ ಚೆಂದಕ್ಕಲ್ಲ. ಅದು ಅದರ ಕೈ. ನೊಣ ಓಡಿಸುವ ಚಾಮರ. ಕಚ್ಚುವ ದೊಡ್ಡ ನೊಣಗಳು ರಕ್ತ ಹೀರುವುದಷ್ಟೇ ಅಲ್ಲ, ಸರ್ರಾ ಎಂಬ ಜ್ವರವನ್ನೂ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ತರುತ್ತವೆ. ಆ ಜ್ವರ ಬಂದ ಕುದುರೆ ಸೊರಗಿ ಸೊರಗಿ ಸಾಯುತ್ತದೆ. ಬಾಲದ ಕೂದಲು ಕೆಸರಲ್ಲಿ ಗಂಟುಕಟ್ಟಿ ಕೋಲಿನ ಹಾಗಾದರೆ ನೊಣ ಓಡಿಸಲು ಆಗುವುದಿಲ್ಲ. ಅದೇ ಕೆಸರಿನ ಬಾಲ ಹಿಂಗಾಲಿಗೆ ಬಡಿದು ಬಡಿದು ಅಲ್ಲೂ ಒದ್ದೆ ಮಾಡುತ್ತದೆ.

ಬಾಲಕ್ಕೆ ಕಾಲಿನಷ್ಟು ಎಣ್ಣೆ ಬೇಡ. ಅಂಗೈಗೆ ಒಂದು ಚಮಚ. ಮೊದಲು ಬೆರಳಿನಿಂದ ಕೂದಲು ಬಿಡಿಸಿ. ತುದಿಯಿಂದ ಶುರುಮಾಡಿ, ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋಗಿ. ಹೆಣ್ಣುಮಕ್ಕಳ ಸಿಕ್ಕುಗೂದಲು ಬಿಡಿಸುವ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೇಲಿನಿಂದ ಬಾಚಣಿಗೆ ಎಳೆದರೆ ಕೂದಲು ಕಿತ್ತು ಬರುತ್ತದೆ. ಕಿತ್ತುಹೋದ ಬಾಲದ ಕೂದಲು ಮತ್ತೆ ಉದ್ದವಾಗಲು ವರ್ಷಗಟ್ಟಲೆ ಬೇಕು. ಬಿಡಿಸಿದ ಮೇಲೆ ಎಣ್ಣೆ ಸವರಿದ ಕೈಯನ್ನು ಕೂದಲಿನ ಮೇಲೆ ಎಳೆಯಿರಿ. ಆಮೇಲೆ ಬಿದ್ದ ಕೆಸರು ಒಣಗಿದಾಗ ಜಾರಿ ಹೋಗುತ್ತದೆ, ಗಂಟು ಕಟ್ಟುವುದಿಲ್ಲ.

ಮಳೆ ಜೋರಿದ್ದ ದಿನ ಬಾಲವನ್ನು ಜಡೆ ಹೆಣೆದು, ಮೇಲಕ್ಕೆ ಮಡಚಿ, ಬಟ್ಟೆಯ ಪಟ್ಟಿಯಿಂದ ಕಟ್ಟಬಹುದು. ಬಾಲದ ಮೂಳೆ ಇರುವ ಕಡೆ ಬಿಗಿಯಾಗಿ ಕಟ್ಟಬೇಡಿ. ರಬ್ಬರು, ಪ್ಲಾಸ್ಟಿಕ್ ದಾರ ಬೇಡವೇ ಬೇಡ. ರಕ್ತ ಓಡಾಟ ನಿಂತರೆ ಬಾಲವೇ ಕೊಳೆಯಬಹುದು. ಕೂದಲನ್ನು ಕೂದಲಿಗೇ ಕಟ್ಟಿ. ಲಾಯಕ್ಕೆ ಬಂದ ಕೂಡಲೇ ಬಿಚ್ಚಿ. ಕಟ್ಟಿದ ಬಾಲ ನೊಣ ಓಡಿಸಲಾರದು.

ನಿಮಗೆ ಗೊತ್ತೇ? ಪಿಟೀಲು ಬಾರಿಸುವ ಕಮಾನಿನಲ್ಲಿ ಇರುವುದು ಕುದುರೆ ಬಾಲದ ಕೂದಲು. ಮೈಸೂರಿನ ಪಿಟೀಲು ಚೌಡಯ್ಯನವರ ಹೆಸರು ಕೇಳಿದ್ದೀರಿ. ಏಳು ತಂತಿಯ ಪಿಟೀಲು ಬಾರಿಸಿದವರು. ಅಂಥ ನಾದ ಹೊರಡುವುದು ಈ ಕೂದಲು ತಂತಿಯ ಮೇಲೆ ಉಜ್ಜುವುದರಿಂದ. ಆದರೆ ಆ ಕೂದಲಿಗೆ ಎಣ್ಣೆ ತಾಕಬಾರದು. ತಾಕಿದರೆ ಜಾರುತ್ತದೆ, ನಾದ ಬರುವುದಿಲ್ಲ. ಹಿಡಿತ ಬರಲಿ ಅಂತ ಅದಕ್ಕೆ ಮರದ ರಾಳ ಉಜ್ಜುತ್ತಾರೆ. ಕುದುರೆಯ ಮೈಮೇಲಿರುವಾಗ ನಮಗೆ ಬೇಕಾದದ್ದು ಅದೇ ಜಾರುವ ಗುಣ!

ಹುಣ್ಣು ಬಂದೇ ಬಿಟ್ಟರೆ?

ಎಣ್ಣೆ ಡಬ್ಬ ಎತ್ತಿಡಿ. ಆ ಕಾಲಿಗೆ ಇನ್ನು ಎಣ್ಣೆ ಇಲ್ಲ. ಕುದುರೆಯನ್ನು ಒಣ ಜಾಗದಲ್ಲಿ ಕಟ್ಟಿ. ಒಣ ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ. ನೋವಾಗುತ್ತದೆ, ರಕ್ತ ಬರುತ್ತದೆ, ಒದೆಯೂ ಬೀಳುತ್ತದೆ. ಪಶು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಅವರು ಕೂದಲು ಕತ್ತರಿಸಿ, ಔಷಧದ ನೀರಿನಿಂದ ಹಕ್ಕಳೆ ನೆನೆಸಿ ತೆಗೆಯುತ್ತಾರೆ. ಏನು ಹಚ್ಚಬೇಕು, ಎಷ್ಟು ದಿನ ಹಚ್ಚಬೇಕು ಎಂದು ಚೀಟಿ ಬರೆದು ಕೊಡುತ್ತಾರೆ. ಬಿದ್ದ ಹಕ್ಕಳೆಯನ್ನು ಲಾಯದಲ್ಲಿ ಬಿಡಬೇಡಿ, ಸುಟ್ಟುಬಿಡಿ. ರೋಗಾಣು ಅದರೊಳಗೇ ಮಲಗಿರುತ್ತದೆ ಅಂತ ಮೊದಲೇ ಓದಿದಿರಿ. ಆ ಕುದುರೆಯ ಬ್ರಷ್ಷು, ಬಟ್ಟೆಯನ್ನು ಇನ್ನೊಂದು ಕುದುರೆಗೆ ಬಳಸಬೇಡಿ. ಆಸ್ಪತ್ರೆ ದೂರ ಇದ್ದರೆ 1962 ಎಂಬ ನಂಬರಿಗೆ ಫೋನ್ ಮಾಡಿ. ಅದು ಪಶು ವೈದ್ಯರ ಗಾಡಿಯನ್ನು ಕರೆಯುವ ನಂಬರು.

ಡಾಕ್ಟರನ್ನು ಕಂಡಾಗ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಲೇಬೇಕು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ ಇರುತ್ತದೆ, ಕುದುರೆಯ ಲದ್ದಿಯಲ್ಲೂ ಇರುತ್ತದೆ. ನಮ್ಮ ಸಾಕುಪ್ರಾಣಿಗಳಲ್ಲಿ ಈ ರೋಗಕ್ಕೆ ಬಹಳ ಬೇಗ ಬೀಳುವುದು ಕುದುರೆ. ಕಾಲಿನ ಸಣ್ಣ ಗಾಯ ಸಾಕು. ದವಡೆ ಬಿಗಿಯುತ್ತದೆ, ಕಾಲು ಮರದ ಹಾಗೆ ಸೆಟೆಯುತ್ತದೆ, ಬಾಲ ನಿಮಿರಿ ನಿಲ್ಲುತ್ತದೆ. ಆಮೇಲೆ ಉಳಿಸುವುದು ಕಷ್ಟ. ಮೊದಲೇ ಚುಚ್ಚುಮದ್ದು ಹಾಕಿಸಿದರೆ ಈ ಭಯ ಇಲ್ಲ. ಗೊರಸಿಗೆ ಲಾಳ ಹೊಡೆಸುವ ದಿನ ನೆನಪಿಡುತ್ತೀರಿ. ಈ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ. ಈಗ ನಿಮಗೆ ಬರೆಯಲು ಬರುತ್ತದೆ.

ಇನ್ನೊಂದು ಹುಣ್ಣು ಇದೆ. ನೋಡಲು ಬೇರೆ. ಹೆಚ್ಚಾಗಿ ಹಿಂಗಾಲಿನ ಒಳಮೈಯಲ್ಲಿ ಸಾಲಾಗಿ ಗಂಟು ಏಳುತ್ತವೆ, ದಾರಕ್ಕೆ ಮಣಿ ಪೋಣಿಸಿದ ಹಾಗೆ. ಒಡೆದರೆ ಜೇನಿನಂಥ ಅಂಟು ಕೀವು ಸುರಿಯುತ್ತದೆ. ಮೂಗಿನಿಂದಲೂ ಕೀವು ಬರಬಹುದು. ಇದು ಗ್ಲ್ಯಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ, ಜೀವ ತೆಗೆಯುತ್ತದೆ. ನಮ್ಮ ದೇಶದಲ್ಲಿ 2006ರಲ್ಲಿ ಇದು ಮತ್ತೆ ಕಾಣಿಸಿಕೊಂಡಿತು. ಅಂಥ ಗಂಟು ಕಂಡರೆ ಮುಟ್ಟಬೇಡಿ, ಎಣ್ಣೆ ಹಚ್ಚಬೇಡಿ, ಕುದುರೆಯನ್ನು ಸಂತೆಗೆ ಹೊಡೆಯಬೇಡಿ. ಆ ದಿನವೇ ಡಾಕ್ಟರಿಗೆ ತಿಳಿಸಿ. ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಮುಚ್ಚಿಟ್ಟರೆ ಒಂದು ಕುದುರೆಯ ಜೊತೆ ಬೀದಿಯ ಕುದುರೆಗಳೆಲ್ಲ ಹೋಗುತ್ತವೆ. ಮನೆಯ ಮಕ್ಕಳಿಗೂ ಅಪಾಯ.

“ಸ್ವಲ್ಪ ಕುಂಟುತ್ತೆ, ಆದ್ರೂ ಓಡುತ್ತೆ” ಅಂತ ಗಾಡಿ ಕಟ್ಟುವವರಿದ್ದಾರೆ. ಅವರ ಕಷ್ಟ ನನಗೆ ತಿಳಿಯದ್ದಲ್ಲ. ಅಂದಿನ ದುಡ್ಡು ಅಂದಿಗೇ ಬೇಕು. ಆದರೆ ಹುಣ್ಣಾದ, ರೋಗ ಬಂದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಹೋಗಲಿ, ಲೆಕ್ಕವನ್ನಾದರೂ ನೋಡಿ. ಹುಣ್ಣು ಸಣ್ಣದಿದ್ದಾಗ ನಿಲ್ಲಿಸಿದರೆ ಕೆಲವು ದಿನದ ದುಡಿಮೆ ಹೋಗುತ್ತದೆ. ಓಡಿಸಿ ಓಡಿಸಿ ಕಾಲು ಊದಿ ಕಂಬದ ಹಾಗಾದರೆ ತಿಂಗಳುಗಳು ಹೋಗುತ್ತವೆ. ಕೆಲವು ಸಲ ಕುದುರೆಯೇ ಹೋಗುತ್ತದೆ. ಇನ್ನೊಂದು ಕುದುರೆ ಕೊಳ್ಳಲು ಸಾಲ ಮಾಡಬೇಕು. ಆ ಸಾಲದ ಬಡ್ಡಿ ಎಷ್ಟು, ಎರಡು ಚಮಚ ಎಣ್ಣೆಯ ಬೆಲೆ ಎಷ್ಟು?

ಎಣ್ಣೆ ಎಷ್ಟು ದಿನಕ್ಕೊಮ್ಮೆ ಹಚ್ಚಬೇಕು ಅಂತ ಕೇಳುವಿರಿ. ಮಳೆ ಜೋರಿದ್ದರೆ, ದಿನಾ ಕೆಸರಿದ್ದರೆ, ವಾರಕ್ಕೆ ಎರಡು ಮೂರು ಸಲ. ಕಾಲಿನ ಮೇಲೆ ನೀರು ಚಿಮುಕಿಸಿ ನೋಡಿ. ಗುಂಡಗೆ ನಿಂತು ಜಾರಿದರೆ ಎಣ್ಣೆ ಇನ್ನೂ ಇದೆ. ಹರಡಿ ಹಿಡಿದರೆ ಮುಗಿದಿದೆ. ಆದರೆ ಒರೆಸಿ ಒಣಗಿಸಿದ ಮೇಲೆಯೇ ಹೊಸದು ಹಚ್ಚಿ. ಹಳೇ ಎಣ್ಣೆ, ಧೂಳು ಸೇರಿ ಕರಿ ಪದರ ಕಟ್ಟಿದ್ದರೆ ಮೊದಲು ಅದನ್ನು ಮೆತ್ತನೆ ಸೋಪಿನಿಂದ ತೆಗೆಯಿರಿ. ಪದರದ ಮೇಲೆ ಪದರ ಹಾಕುವುದು ಬೇಡ.

ಮೈಸೂರಿನ ಕಡೆ ಮೇ ತಿಂಗಳ ಮಳೆಗೊಮ್ಮೆ, ಅಕ್ಟೋಬರ್ ಮಳೆಗೊಮ್ಮೆ ಈ ಕೆಲಸ ಹೆಚ್ಚು. ವಿಜಯಪುರದ ಕಡೆ ಸೆಪ್ಟೆಂಬರ್‌ನಲ್ಲಿ ಹೆಚ್ಚು. ಮಳೆ ನಿಂತು ದಾರಿಯಲ್ಲಿ ಧೂಳು ಏಳತೊಡಗಿದ ಮೇಲೆ ಎಣ್ಣೆ ನಿಲ್ಲಿಸಿ. ಬಿಸಿಲಿರುವ ಒಂದು ಬೆಳಿಗ್ಗೆ ಸ್ವಲ್ಪ ಸೋಪು ಹಾಕಿ ನಾಲ್ಕೂ ಕಾಲು ತೊಳೆದು, ಒರೆಸಿ, ಕುದುರೆಯನ್ನು ಗಾಳಿಗೆ ಕಟ್ಟಿ. ಬ್ರಷ್ಷನ್ನೂ ತೊಳೆದು ಬಿಸಿಲಿಗೆ ಇಡಿ. ಉಳಿದ ಎಣ್ಣೆಯ ಡಬ್ಬಕ್ಕೆ ‘ಕುದುರೆ ಎಣ್ಣೆ’ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಅಡಿಗೆಮನೆಯಿಂದ ದೂರ ಇಡಿ.